ಒತ್ತೆಗೆ ಹೋದ ಕೈಮಾತು

ಮೊದಲು ನನ್ನ ರೊಟ್ಟಿಯ ಕಥೆ ಹೇಳುತ್ತೇನೆ, ಆಮೇಲೆ ಕಸ್ತೂರಿಯದು. ನನ್ನದು ಕೇಳದೆ ಅವಳದು ತಿಳಿಯುವುದಿಲ್ಲ. ಅವಸರ ಇದ್ದವರು ಈಗಲೇ ಎದ್ದು ಹೋಗಬಹುದು.

ನಾನು ಬಾಳವ್ವ. ಬನಹಟ್ಟಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕಿದವಳು. ಕಣ್ಣು ಮುಚ್ಚಿ ಬಡಿದರೂ ನನ್ನ ರೊಟ್ಟಿಯ ಅಂಚು ಒಡೆಯುತ್ತಿರಲಿಲ್ಲ. ಆಮೇಲೆ ರೊಟ್ಟಿ ಬಡಿಯುವ ಯಂತ್ರ ಬಂತು. ಅದರ ಬೆನ್ನಿಗೇ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕುವ ಯಂತ್ರವೂ ಬಂತು. ಖಾನಾವಳಿಯವರು ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬರುವುದನ್ನು ಬಿಟ್ಟರು. ಐವತ್ತರ ಹತ್ತಿರ ಬಂದ ಗಂಡ ಸತ್ತ ಹೆಂಗಸು ಇನ್ನೇನು ಕಲಿತಾಳು ಎಂದು ಓಣಿಯವರೆಲ್ಲ ಲೊಚಗುಟ್ಟಿದರು. ಆ ಹೊತ್ತಿಗೆ ನಮ್ಮೂರಿಗೆ ಹೊಂದಿಕೆ ಸಾಲ ಬಂತು.

ಹೊಂದಿಕೆ ಸಾಲ ಎಂದರೆ ನಲವತ್ತು ದಾಟಿದವರಿಗೆ ಮತ್ತೆ ಓದಲು ಕೊಡುವ ಸಾಲ. ಮನೆಯ ಕಾಗದ ಬೇಡ, ಜಾಮೀನು ಬೇಡ, ಮಗನ ಸಹಿ ಬೇಡ. ಬೇಕಾದಷ್ಟು ತಗೋ. ಮನೆಯಲ್ಲಿ ಕಾಯಿಲೆಯೋ ಮದುವೆಯೋ ಇದ್ದರೆ ಓದು ಬಿಟ್ಟು ಹೋಗಿ ಮತ್ತೆ ಬಾ. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಚೂರು ಚೂರು ತೀರಿಸು, ಸಿಗದಿದ್ದರೆ ತೀರಿಸಲೇಬೇಡ. ಒತ್ತೆಯಾಗಿ ಇಡಬೇಕಾದದ್ದು ಒಂದೇ, ನಿನ್ನ ಕೈಗೆ ಗೊತ್ತಿರುವ ಹಳೆಯ ಕಸುಬು.

ಈ ಸಾಲ ಕೊಡುವ ನಿಧಿಯ ಕೇಂದ್ರದಲ್ಲಿ ನಿರಂಜನ ಎಂಬ ಎಂಜಿನಿಯರ್ ಇದ್ದ. ದಾವಣಗೆರೆ ಕಡೆಯವನು, ಎಳೆಯ ಮುಖ, ಮಾತು ಬೆಣ್ಣೆ. ಅವನೇ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದ.

"ವಯಸ್ಸಾದ ಮೇಲೆ ಮಿದುಳು ಗಟ್ಟಿಯಾಗಿಬಿಡುತ್ತೆ ಬಾಳವ್ವ. ಹೊಸ ಕಸುಬು ಬೇಗ ಕೂರಬೇಕು ಅಂದ್ರೆ ಹಳೇ ಕಸುಬು ಕೂತಿರೋ ಜಾಗ ಬೇಕು. ಟೊಪ್ಪಿಗೆ ಹಾಕಿ, ಕಿವಿಯಲ್ಲಿ ಒಂದು ಥರ ಸದ್ದು ಕೊಟ್ಟು, ಆ ಜಾಗ ಸಡಿಲ ಮಾಡ್ತೀವಿ. ಅಲ್ಲಿರೋದನ್ನ ಅಚ್ಚು ತೆಗೆದಿಟ್ಕೊಂಡು ಬೀಗ ಹಾಕ್ತೀವಿ. ಓದು ಮುಗಿದು ಕೆಲಸ ಸಿಕ್ಕ ಮೇಲೆ ಅಚ್ಚನ್ನ ವಾಪಸ್ ತುಂಬ್ತೀವಿ. ಮೂರು ವರ್ಷದ ಓದು ಒಂದೇ ವರ್ಷದಲ್ಲಿ ಮುಗಿಯುತ್ತೆ."

"ಟ್ರಂಕ್ ಖಾಲಿ ಮಾಡಿ ಬ್ಯಾರೇ ಸೀರಿ ಇಟ್ಟಂಗ?"

"ಹಾಂ, ಹಾಗೇ."

"ಅಲ್ಲಿತನಕ ನನ್ನ ಹಳೇ ಸೀರಿ ನೀ ಉಟಗೊಂತಿಯೇನ್ ಮತ್ತ?"

ಅವನು ಕೆಂಪಾಗಿ ನಕ್ಕ. "ಒಂದು ರೀತಿ ಹೌದು. ನಿಮ್ಮ ಅಚ್ಚು ನಮ್ಮ ಯಂತ್ರದಲ್ಲಿ ದುಡಿಯುತ್ತೆ. ಅದೇ ಬಡ್ಡಿ."

ನನ್ನ ರೊಟ್ಟಿ ಹೋಯಿತು. ಮರುದಿನ ಹಿಟ್ಟಿನ ಮುಂದೆ ಕೂತರೆ ಕೈ ಎರಡೂ ಬೇರೆಯವರ ಮನೆಗೆ ಬಂದಂತೆ ಸುಮ್ಮನೆ ಕೂತವು. ಹಟ ಮಾಡಿ ಬಡಿಯಲು ಹೋದರೆ ತಲೆ ಸಿಡಿದು ವಾಂತಿಯಾಯಿತು. ಬೀಗ ಇರುವವರೆಗೆ ಹಳೆಯದನ್ನು ಮತ್ತೆ ಕಲಿಯಲೂ ಆಗದು ಎಂದು ನಿರಂಜನ ಹೇಳಿದ್ದ, ನಾನು ನಂಬಿರಲಿಲ್ಲ. ಆದರೆ ಓದು ತಲೆಗೆ ಹತ್ತಿತು. ವರ್ಷದೊಳಗೆ, ಯಂತ್ರದ ತೋಳುಗಳೇ ಸೀರೆ ನೇಯುವ ತೋಳುಮನೆಯ ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ, ಹಸಿರು ದೀಪ ನೋಡಿ ಗುಂಡಿ ಒತ್ತುವ ಕೆಲಸ ಸಿಕ್ಕಿತು. ರೊಟ್ಟಿಯೂ ವಾಪಸ್ ಬಂತು. ಒಂದೇ ಒಂದು ಕೊರತೆ. ಮೊದಲ ರೊಟ್ಟಿಯ ಅಂಚಿಗೆ ಹೆಬ್ಬೆರಳು ಒತ್ತಿ ಒಲೆಗೆ ತೋರಿಸುವುದು ನಮ್ಮವ್ವ ಹಾಕಿಕೊಟ್ಟ ರೂಢಿ. ಅದು ಬಂದಿರಲಿಲ್ಲ. ಕೇಳಿದೆ.

"ಓ, ಅದಾ. ಅದು ವ್ಯರ್ಥ ಚಲನೆ. ಯಂತ್ರದಲ್ಲಿ ಸ್ವಚ್ಛ ಮಾಡಿರ್ತಾರೆ. ಸ್ವಚ್ಛ ಆದ ಅಚ್ಚೇ ವಾಪಸ್ ಬರೋದು."

ಒಂದು ಹೆಬ್ಬೆರಳಿಗೆ ಯಾರು ಜಗಳ ತೆಗೆಯುತ್ತಾರೆ? ರೂಢಿ ನನಗೆ ನೆನಪಿತ್ತು, ಬೇಕೆಂದೇ ಒತ್ತಿದೆ, ಸುಮ್ಮನಾದೆ.

ಇನ್ನು ಕಸ್ತೂರಿ.

ನನ್ನ ಎದುರು ಮನೆಯವಳು ಕಸ್ತೂರಿ. ಅವಳ ಗಂಡ ದುಂಡಪ್ಪ. ಇಬ್ಬರೂ ಒಂದೇ ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯ್ದವರು. ಮಕ್ಕಳಿಲ್ಲ. ಶೆಡ್ಡಿನೊಳಗೆ ಕಾಲಿಟ್ಟವರಿಗೆ ಗೊತ್ತು, ಅಲ್ಲಿ ಬಾಯಿಗೆ ಕೆಲಸವಿಲ್ಲ. ಮಗ್ಗಗಳೆಲ್ಲ ಒಟ್ಟಿಗೆ ಖಟಖಟ ಹೊಡೆದುಕೊಳ್ಳುವಾಗ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ನೇಕಾರರು ಕೈಯಲ್ಲಿ ಮಾತಾಡುತ್ತಾರೆ. ಎಳೆ ಹರಿದಿದೆ, ಲಾಳಿ ಕೊಡು, ಮಾಲಕ ಬಂದ, ಅವನ ಮುಖ ನೋಡು ಹುಳಿಮಾವಿನಕಾಯಿ, ಎಲ್ಲ ಕೈಯಲ್ಲೇ. ಯಾರೂ ಅದನ್ನು ಕಲಿಸುವುದಿಲ್ಲ, ಯಾರೂ ಕಲಿತೆ ಅನ್ನುವುದಿಲ್ಲ. ನೇಯಲು ಹೋದವರಿಗೆ ಅದು ಬಂದಿರುತ್ತದೆ.

ದುಂಡಪ್ಪನಿಗೆ ಮಗ್ಗದ ಸದ್ದಿಗೇ ಕಿವಿ ಹೋಗಿತ್ತು. ಕಿವುಡನಾದ ಮೇಲೆ ತನ್ನ ದನಿ ತನಗೇ ಕೇಳದೆ ಜೋರಾಗಿ ಒದರುತ್ತಿದ್ದ, ಓಣಿಯವರು ಅಣಕಿಸಿದರು, ಅವನು ಬಾಯಿ ಬಿಡುವುದನ್ನೇ ಬಿಟ್ಟ. ಓದಲು ಬಾರದು. ಮೊಬೈಲಿನಲ್ಲಿ ಕಿವುಡರ ಭಾಷೆ ತೋರಿಸುವ ಗೊಂಬೆ ಬಂದಿತ್ತು, ಆದರೆ ಆ ಗೊಂಬೆಯ ಕೈ ಬೇರೆ, ನಮ್ಮ ಶೆಡ್ಡಿನ ಕೈ ಬೇರೆ. ಹೀಗಾಗಿ ದುಂಡಪ್ಪನಿಗೆ ಜಗತ್ತಿನಲ್ಲಿ ಇದ್ದ ಮಾತೆಲ್ಲ ಕಸ್ತೂರಿಯ ಎರಡು ಕೈಯಲ್ಲಿತ್ತು.

ಮತ್ತೆ ಎಂಥ ಮಾತು ಅಂತೀರಿ! ಸಂಜೆ ಕಟ್ಟೆಯ ಮೇಲೆ ಎದುರುಬದುರು ಕೂತರೆ ಊರಿನ ಸುದ್ದಿಯೆಲ್ಲ ಬೆರಳ ಮೇಲೆ. ನಡುನಡುವೆ ನನ್ನತ್ತ ನೋಡಿ ಇಬ್ಬರೂ ಹೊಟ್ಟೆ ಹಿಡಿದು ನಗುವುದು.

"ಏನ್ರೇ ಗಂಡ ಹೆಂಡ್ತಿ, ನನ್ನ ಮ್ಯಾಲೆ ಚಾಡಿ ಹೇಳಾಕತ್ತೀರೇನ?" ಎಂದು ನಾನು ಗದರುವುದು.

"ನಿನ್ನ ಸುದ್ದಿ ಅಲ್ಲ ಬಾಳಕ್ಕ, ನಿನ್ನ ರೊಟ್ಟಿ ಸುದ್ದಿ," ಎಂದು ಕಸ್ತೂರಿ ಇನ್ನಷ್ಟು ನಗುವುದು.

ಅವರ ಮಾತಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಒಂದು. ಪಾಳಿ ಮುಗಿಯುವಾಗ ಶೆಡ್ಡಿನ ಆ ತುದಿಯಿಂದ ಒಬ್ಬರು ಈ ತುದಿಗೆ ಮಾಡುತ್ತಿದ್ದ ಸನ್ನೆ. ಅಂಗೈಯನ್ನು ಎರಡು ಸಲ ಹೊರಳಿಸಿ, ಕಿರುಬೆರಳನ್ನು ಕೊಕ್ಕೆ ಮಾಡಿ ಹಿಡಿಯುವುದು. ಹಾಗೆಂದರೆ 'ಮನಿಗೆ ಕೂಡೇ ಹೋಗೂಣು', ಇಬ್ಬರೂ ಒಟ್ಟಿಗೇ ಹೋಗೋಣ ಎಂದು. ಹೊಸದಾಗಿ ಮದುವೆಯಾದಾಗ ಕಸ್ತೂರಿಯೇ ನಾಚಿಕೊಂಡು ಹೇಳಿದ್ದಳು. ಅವಳ ಎಡಗೈ ಕಿರುಬೆರಳು ಒಮ್ಮೆ ಲಾಳಿ ಬಡಿದು ಸೊಟ್ಟಗಾಗಿತ್ತು, ಅದಕ್ಕೇ ಅವಳ ಕೊಕ್ಕೆ ಎಲ್ಲರಿಗಿಂತ ಬೇರೆಯಾಗಿ ಕಾಣುತ್ತಿತ್ತು.

ತೋಳುಮನೆ ಎದ್ದ ಮೇಲೆ ಶೆಡ್ಡುಗಳು ಮುಚ್ಚಿದವು. ಊರ ಹೊರಗೆ ಗಾಜಿನ ಗೋಡೆಯ ದೊಡ್ಡ ಹಾಲ್. ಒಂದೊಂದು ಮಗ್ಗಕ್ಕೆ ಒಂದು ಜೊತೆ ಯಂತ್ರದ ತೋಳು, ಕೈಗೆ ಐದೈದು ಬೆರಳು. ಒಳಗೆ ಮನುಷ್ಯರಿಲ್ಲ. ಹಳೇ ಮಗ್ಗಗಳನ್ನು ಗುಜರಿಯವರು ತೂಕಕ್ಕೆ ಒಯ್ದರು. ನಿಧಿಯ ಕೇಂದ್ರದ ಮುಂದೆ ನೇಕಾರರೆಲ್ಲ ಸಾಲು ನಿಂತು ನೇಯ್ಗೆಯನ್ನು ಒತ್ತೆಯಿಟ್ಟರು. ದುಂಡಪ್ಪನೂ ನಿಂತ. ಟೊಪ್ಪಿಗೆಯ ಸದ್ದು ಕಿವಿಯಿಂದಲೇ ಹೋಗಬೇಕಲ್ಲ, ಕಿವುಡನಿಗೆ ಆಗುವುದಿಲ್ಲ ಎಂದು ವಾಪಸ್ ಕಳಿಸಿದರು. ಉಳಿದವಳು ಕಸ್ತೂರಿ. ತೋಳು ತಿದ್ದುವ ತಂತ್ರಜ್ಞೆಯ ಓದು, ಒಳ್ಳೇ ಸಂಬಳ. ಅವಳನ್ನು ಕೇಂದ್ರಕ್ಕೆ ಕರೆದೊಯ್ದವಳು ನಾನೇ.

ನಿರಂಜನ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವಳಿಗೂ ಕೇಳಿದ. "ನೇಯ್ಗೆ ಜೊತೆಗೆ ಕೈಗೆ ಬಂದಿರೋದು ಇನ್ನೇನಾದ್ರೂ ಇದೆಯಾ? ಇದ್ರೆ ಈಗಲೇ ಹೇಳಿ, ಅದನ್ನ ಒತ್ತೆಯಿಂದ ಹೊರಗಿಡಬಹುದು. ಆಮೇಲೆ ಬೇರ್ಪಡಿಸೋಕ್ಕಾಗಲ್ಲ."

ಕಸ್ತೂರಿ ಕಂಗಾಲಾಗಿ ನನ್ನ ಮುಖ ನೋಡಿದಳು. "ನೇಯೂದ್ ಬಿಟ್ರ ನನಗೇನ್ ಬರತೈತ್ರಿ ಸರ್? ಹೊಲಿಗಿ ಬರೂದಿಲ್ಲ, ರಂಗೋಲಿನೂ ಸೊಟ್ಟ."

ಹೇಳಿದ್ದು ಸುಳ್ಳಲ್ಲ. ಮಾತನ್ನು ಯಾರಾದರೂ ಕಸುಬು ಎನ್ನುತ್ತಾರೆಯೇ? ನಿಮ್ಮನ್ನು ಕೇಳಿದರೆ 'ನನಗೆ ಕನ್ನಡ ಬರುತ್ತದೆ' ಎಂದು ಅರ್ಜಿಯಲ್ಲಿ ಬರೆಯುತ್ತೀರಾ? ಊರಿನ ಅಷ್ಟೂ ನೇಕಾರರಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ.

ಅಚ್ಚು ತೆಗೆಯುವ ಕೋಣೆಯೂ ಗಾಜಿನದೇ. ಒಳಗೆ ಒಂದು ಹಳೇ ಪವರ್‌ಲೂಮ್ ಇಟ್ಟಿದ್ದರು. ಕಸ್ತೂರಿ ಟೊಪ್ಪಿಗೆ ಹಾಕಿಕೊಂಡು ವಾರವಿಡೀ ಅಲ್ಲಿ ನೇಯ್ದಳು. ದುಂಡಪ್ಪ ದಿನಾ ಡಬ್ಬಿ ತಂದು ಗಾಜಿನ ಹೊರಗೆ ನಿಲ್ಲುತ್ತಿದ್ದ. ಮಗ್ಗ ಓಡುತ್ತಿದ್ದಂತೆಯೇ ಇಬ್ಬರ ಕೈಮಾತು ನಡೆಯುತ್ತಿತ್ತು. ಉಂಡೆಯಾ, ಬಿಸಿಲು ಭಾಳ, ಕಟ್ಟೆಯ ಮೇಲೆ ಕೂಡ್ರು, ಬೆಕ್ಕು ಹಾಲು ಕುಡೀತೇನು. ಪಾಳಿ ಮುಗಿದಾಗ ಅಂಗೈ ಹೊರಳಿಸಿ ಕೊಕ್ಕೆ. ನಿರಂಜನ ಪರದೆ ನೋಡಿ ಖುಷಿಪಟ್ಟ. ಇಷ್ಟು ತುಂಬಿದ ಅಚ್ಚು ಇನ್ನೊಂದಿಲ್ಲ ಎಂದ.

ಬೀಗ ಬಿದ್ದ ದಿನ ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಕಸ್ತೂರಿ ಮಂಚದ ಮೇಲೆ ಕೂತಿದ್ದಳು, ಸ್ವಲ್ಪ ಮಂಪರು. ದುಂಡಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕೂತು ಬೆರಳನ್ನು ಬಾಯಿಗೆ ತಂದು ಏನೋ ಕೇಳಿದ. ಅವಳು ಅವನ ಬೆರಳನ್ನೇ ನೋಡಿದಳು. ಅವನು ಮತ್ತೆ ಕೇಳಿದ. ಅವಳು ನನ್ನ ಕಡೆ ತಿರುಗಿದಳು.

"ಬಾಳಕ್ಕ, ಇವರು ಏನ್ ಮಾಡಾಕತ್ತಾರ?"

ಚೇಷ್ಟೆ ಎಂದುಕೊಂಡ ದುಂಡಪ್ಪ ನಕ್ಕ. ಇನ್ನೊಂದು ಏನೋ ಹೇಳಿದ, ದೊಡ್ಡದು, ಎರಡೂ ಕೈ ಬಳಸಿ. ಅವಳ ಮುಖದಲ್ಲಿ ಭಯ ಬಂತು. ಆಗ ಅವನ ನಗೆ ನಿಂತಿತು. ಅವಳ ಕೈ ಹಿಡಿದು ಬೆರಳು ಒಂದೊಂದಾಗಿ ಮಡಚಿ ತೋರಿಸಿದ. ಬಿಟ್ಟ ಕೂಡಲೇ ಬೆರಳು ಸಡಿಲಾಗಿ ಬಿದ್ದವು. ಮತ್ತೆ ಮಡಚಿದ. ಕಸ್ತೂರಿ ತಲೆ ಹಿಡಿದುಕೊಂಡು ಅಂಗಳಕ್ಕೆ ಓಡಿ ವಾಂತಿ ಮಾಡಿದಳು. ನಾನು ನೀರಿನ ತಂಬಿಗೆ ಹಿಡಿದು ಅವಳ ಹಿಂದೆ ಹೋದೆ.

ಮರುದಿನವೇ ನಾನೂ ಕಸ್ತೂರಿಯೂ ಕೇಂದ್ರಕ್ಕೆ ಓಡಿದೆವು. ನಿರಂಜನ ನಿಜವಾಗಿಯೂ ನೊಂದುಕೊಂಡ, ಅದನ್ನು ಹೇಳಲೇಬೇಕು. "ಓದು ಬಿಟ್ರೆ ಇವತ್ತೇ ವಾಪಸ್ ತುಂಬ್ತೀನಿ. ಬೀಗ ಇಟ್ಕೊಂಡೇ ರಜೆ ತಗೋಬಹುದು, ಆದ್ರೆ ಒಮ್ಮೆ ಬೀಗ ತೆಗೆಸಿದವರಿಗೆ ಮತ್ತೆ ಹಾಕೋಕ್ಕಾಗಲ್ಲ, ಮಿದುಳು ತಡೆಯಲ್ಲ. ಇನ್ಯಾವತ್ತೂ ಈ ಓದಿಲ್ಲ. ಒಂದು ವರ್ಷ ತಡ್ಕೊಂಡ್ರೆ ಎರಡೂ ಸಿಗುತ್ತೆ."

ಮನೆಯಲ್ಲಿ ಇಬ್ಬರಿಗೂ ಕೆಲಸವಿಲ್ಲ. ಮಗ್ಗ ಗುಜರಿಗೆ ಹೋಗಿ ಆಗಿತ್ತು. "ಒಂದ್ ವರ್ಸ ತಡಕೋತೀವಿ ಸರ್," ಅಂದಳು ಕಸ್ತೂರಿ. ಹೊರಗೆ ಬಂದು ನನಗೆ ಹೇಳಿದಳು, "ಮಾತ್ ಬಂದ ದಿನ ಮೊದಲ ಅವರಿಗೆ ಬೈತೀನಿ ನೋಡ್ ಬಾಳಕ್ಕ. ಒಂದ್ ವರ್ಸದ ಬೈಗುಳ ಕೂಡಿಟ್ಟಿರ್ತೀನಿ." ನಗಲು ನೋಡಿದಳು, ಕಣ್ಣು ತುಂಬಿತು.

ಆ ವರ್ಷವನ್ನು ಅವರು ಹೇಗೆ ಕಳೆದರು ಎಂದು ನನ್ನನ್ನೇ ಕೇಳಿ. ಕಸ್ತೂರಿ ಬಾಯಿ ಅಗಲಿಸಿ ನಿಧಾನ ಮಾತಾಡುತ್ತಿದ್ದಳು, ಅವನು ತುಟಿ ನೋಡಿ ಅರ್ಧ ತಿಳಿಯುತ್ತಿದ್ದ, ಅರ್ಧ ತಪ್ಪು ತಿಳಿಯುತ್ತಿದ್ದ. ನೀರು ತಾ ಎಂದರೆ ಬೀಗದ ಕೈ ತರುವುದು. ಅವನು ಹೇಳುವುದಂತೂ ಅವಳಿಗೆ ಒಂದೂ ತಿಳಿಯುತ್ತಿರಲಿಲ್ಲ. ಬೇರೆ ನೇಕಾರರನ್ನು ಕರೆದು ಕೇಳೋಣವೆಂದರೆ ಅವರೆಲ್ಲರ ಕೈಗೂ ಬೀಗ. ಓದು ಮೊದಲೇ ಮುಗಿಸಿದವರು ಕೆಲಸ ಸಿಕ್ಕ ಊರಿಗೆ ಹೋಗಿಬಿಟ್ಟಿದ್ದರು. ಕೆಲವು ದಿನ ದುಂಡಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂತು ತನ್ನ ಕೈಗೆ ತಾನೇ ಏನೋ ಹೇಳಿಕೊಳ್ಳುತ್ತಿದ್ದ. ಆಮೇಲೆ ಅದನ್ನೂ ನಿಲ್ಲಿಸಿದ.

ಕಸ್ತೂರಿಯ ಕೊನೆಯ ಮೂರು ತಿಂಗಳ ತರಬೇತಿ ತೋಳುಮನೆಯಲ್ಲೇ ಇತ್ತು, ನನ್ನ ಕೊಠಡಿಯಲ್ಲೇ. ಮಹಡಿಯ ಮೇಲಿನ ಕೋಣೆ, ಕೆಳಗೆ ನೇಯುವ ಹಾಲ್. ನನ್ನ ದೀಪದ ಹಲಗೆ ಗೋಡೆಯ ಕಡೆ ಇದ್ದದ್ದರಿಂದ ನನ್ನ ಬೆನ್ನು ಯಾವಾಗಲೂ ಹಾಲಿಗೆ. ದುಂಡಪ್ಪ ಅವಳಿಗೆ ಡಬ್ಬಿ ತರಲು ಶುರುಮಾಡಿದ. ಮೊದಲ ದಿನ ಗೇಟಿನಲ್ಲಿ ಕೊಟ್ಟವನು ವಾಪಸ್ ಹೋಗದೆ ಗಾಜಿನ ಗೋಡೆಗೆ ಮುಖ ಹಚ್ಚಿ ನಿಂತ. ಎರಡನೆಯ ದಿನವೂ. ಆಮೇಲೆ ಬೆಳಿಗ್ಗೆ ಬಂದರೆ ಸಂಜೆಯವರೆಗೆ ಅಲ್ಲೇ. ಒಮ್ಮೊಮ್ಮೆ ನಗುತ್ತಿದ್ದ, ಒಮ್ಮೊಮ್ಮೆ ಗಾಜಿನ ಮುಂದೆ ಕೈ ಆಡಿಸುತ್ತಿದ್ದ. ದುಂಡಪ್ಪನ ತಲೆ ಕೆಟ್ಟಿತು ಎಂದು ಗೇಟಿನ ಕಾವಲುಗಾರ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಗುಟ್ಟು ಇಟ್ಟುಕೊಂಡು ಕಥೆ ಹೇಳುವುದು ನನಗೆ ಬರುವುದಿಲ್ಲ. ನನಗೆ ಕೊನೆಯಲ್ಲಿ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಾಲಿನ ತೋಳುಗಳು ಮಾತಾಡುತ್ತಿದ್ದವು. ಊರಿನ ನೇಕಾರರ ಅಚ್ಚುಗಳಲ್ಲವೇ ಅವು? ಅಚ್ಚು ತೆಗೆಯುವಾಗ ಯಾರ ಕೈ ಅಭ್ಯಾಸಬಲದಿಂದ ಏನು ಆಡಿತ್ತೋ ಅದೆಲ್ಲ ತೋಳಿನಲ್ಲಿ ಕೂತಿತ್ತು. ಎಳೆ ಕಟ್ಟಿ ಮುಗಿಸಿದ ತೋಳು ಪಕ್ಕದ ತೋಳಿಗೆ ಮಾಲಕ ಬಂದ ಎನ್ನುತ್ತಿತ್ತು. ಇನ್ನೊಂದು ಸೊಂಟ ನೋವು ಎನ್ನುತ್ತಿತ್ತು. ಅದನ್ನು ಆಡಿದವರಿಗೇ ಈಗ ಅದು ತಿಳಿಯದು. ತಿಳಿಯುತ್ತಿದ್ದದ್ದು ಗಾಜಿನ ಹೊರಗೆ ನಿಂತ ಆ ಒಬ್ಬ ಕಿವುಡನಿಗೆ. ಒಂದು ಸಾಲಿನ ಕೊನೆಯಲ್ಲಿ ಕಿರುಬೆರಳನ್ನು ಕಸ್ತೂರಿಯಂತೆಯೇ ಸೊಟ್ಟಗೆ ಹಿಡಿಯುವ ಒಂದು ತೋಳಿತ್ತು. ಅದು ದಾರದ ಉರುಳೆ ಬದಲಿಸಿದಾಗಲೆಲ್ಲ ಉಂಡೆಯಾ ಎಂದು ಕೇಳುತ್ತಿತ್ತು, ಬಿಸಿಲು ಭಾಳ, ಕಟ್ಟೆಯ ಮೇಲೆ ಕೂಡ್ರು ಎನ್ನುತ್ತಿತ್ತು. ಪಾಳಿ ಮುಗಿದಾಗ ಅಂಗೈ ಹೊರಳಿಸಿ ಮನೆಗೆ ಕೂಡೇ ಹೋಗೋಣ ಎನ್ನುತ್ತಿತ್ತು.

ಅವನು ಅದನ್ನು ಅವಳಿಗೆ ಹೇಳಲು ಪಟ್ಟ ಪಾಡು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಂಜೆ ಗೇಟಿನ ಹತ್ತಿರ ಅವಳ ರಟ್ಟೆ ಹಿಡಿದು ಗಾಜಿನ ಮುಂದೆ ನಿಲ್ಲಿಸಿದ. ತೋಳು ತೋರಿಸಿದ. ಅವಳನ್ನು ತೋರಿಸಿದ. ತನ್ನ ಎದೆ ಮುಟ್ಟಿಕೊಂಡ. ಮತ್ತೆ ತೋಳು, ಮತ್ತೆ ಅವಳು.

ಕಸ್ತೂರಿಯ ಕಣ್ಣಲ್ಲಿ ನೀರು ಬಂತು. "ನೋಡಿದ್ಯಾ ಬಾಳಕ್ಕ, ಏನಂತಾರ? ನೀನೂ ಆ ಮಿಷನ್ನೂ ಒಂದ ಆಗೀರಿ ಅಂತಾರ. ನನಗ ಎದಿ ಇಲ್ಲ ಅಂತಾರ."

"ಅಂವಾ ಹಂಗ ಅಂದಿರಲಿಕ್ಕಿಲ್ಲ ಬಿಡ ಕಸ್ತೂರಿ."

"ಮತ್ತ ನನ್ನ ಮುಖ ನೋಡೂದ್ ಬಿಟ್ಟು ದಿನಾ ಅದನ್ನ ನೋಡ್ಕೋತ ನಿಂದರ್ತಾರಲ್ಲ? ಇವರ ಸಲುವಾಗೇ ನಾ ಈ ಓದು ಓದಾಕತ್ತಿದ್ದು!"

ರಟ್ಟೆ ಬಿಡಿಸಿಕೊಂಡು ಮುಂದೆ ನಡೆದುಬಿಟ್ಟಳು. ಅವನು ಗಾಜಿನ ಹತ್ತಿರವೇ ಉಳಿದ.

ಕೊನೆಯ ಪರೀಕ್ಷೆಯ ದಿನ ಬಂತು, ಪರೀಕ್ಷೆ ನಡೆಸಲು ನಿರಂಜನನೇ ತೋಳುಮನೆಗೆ ಬಂದಿದ್ದ. ತರಬೇತಿಯ ಆರು ಮಂದಿಗೆ ಒಂದೊಂದು ಸಾಲು ತೋಳುಗಳನ್ನು ಕೊಟ್ಟರು. ದಾರವನ್ನಾಗಲಿ ಮಗ್ಗವನ್ನಾಗಲಿ ಮುಟ್ಟದ ಪ್ರತಿ ಚಲನೆಯನ್ನೂ ಹುಡುಕಿ ಅಳಿಸಬೇಕು. ಯಾವ ತೋಳಿನಲ್ಲಿ ಯಾರ ಅಚ್ಚು ಇದೆ ಎಂದು ಯಾರಿಗೂ ಹೇಳುವಂತಿರಲಿಲ್ಲ, ಅದು ನಿಧಿಯ ನಿಯಮ. ಪರದೆಯ ಮೇಲೆ ತೋಳು ಬರೀ ಗೆರೆಗಳಾಗಿ ಕಾಣುತ್ತದೆ. ಕಸ್ತೂರಿ ಒಳ್ಳೆಯ ವಿದ್ಯಾರ್ಥಿನಿ. ಒಂದೊಂದು ಗೆರೆಯನ್ನೂ ಹಿಂದೆ ಮುಂದೆ ಓಡಿಸಿ ನೋಡಿ, ಗುರುತು ಹಾಕಿ, ಅಳಿಸುತ್ತ ಹೋದಳು. ಸಾಲಿನ ಕೊನೆಯ ತೋಳಿಗೆ ಬಂದಾಗ ತಡೆದಳು. ನಾನು ನನ್ನ ಹಲಗೆಯಲ್ಲಿ ಮಿನುಗುತ್ತಿದ್ದ ಕೆಂಪು ದೀಪದ ಬೆನ್ನು ಹತ್ತಿದ್ದೆ, ಹಿಂದಿನಿಂದ ಅವಳ ದನಿ ಕೇಳಿತು.

"ಸರ್, ಇದರಾಗ ಅರ್ಧಕ್ಕರ್ಧ ವ್ಯರ್ಥ ಐತ್ರಿ. ಎಲ್ಲಾ ತಗೀಲೇನ್ರಿ?"

"ದಾರ ಮುಟ್ಟುತ್ತಾ?"

"ಇಲ್ರಿ."

"ಹಾಗಾದ್ರೆ ತೆಗೀರಿ. ಮೂಲ ಅಚ್ಚಲ್ಲೂ ತೆಗೀಬೇಕು, ಇಲ್ಲಾಂದ್ರೆ ನಾಳೆ ಮತ್ತೆ ಬರುತ್ತೆ."

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಧಡ್ ಧಡ್ ಎಂದು ಸದ್ದು. ಎದ್ದು ನೋಡಿದೆ. ದುಂಡಪ್ಪ ಎರಡೂ ಮುಷ್ಟಿಯಿಂದ ಗಾಜು ಬಡಿಯುತ್ತಿದ್ದ. ಬಡಿದು ಬಡಿದು ಒಳಗೆ ನೋಡುವುದು, ಮತ್ತೆ ಬಡಿಯುವುದು. ಆಮೇಲೆ ತಲೆ ಎತ್ತಿ ನಮ್ಮ ಕಿಟಕಿಯಲ್ಲಿ ಕಸ್ತೂರಿಯನ್ನು ಕಂಡ. ಎರಡೂ ಕೈಯಲ್ಲಿ ಏನೇನೋ ಹೇಳಿದ, ಬೇಗ ಬೇಗ, ಒಂದರ ಮೇಲೊಂದು. ಕೊನೆಗೆ ಕೈ ಮುಗಿದ. ಅದೊಂದು ಎಲ್ಲರಿಗೂ ತಿಳಿಯುತ್ತದೆ.

ಕಸ್ತೂರಿ ನಾಚಿಕೆಯಿಂದ ಮುಖ ಆ ಕಡೆ ತಿರುಗಿಸಿದಳು. ಕಾವಲುಗಾರರು ಅವನನ್ನು ಎಳೆದೊಯ್ದರು. ಅವಳು ಮತ್ತೆ ಪರದೆಯ ಮುಂದೆ ಕೂತು ಪರೀಕ್ಷೆ ಮುಗಿಸಿದಳು. ಪೂರ್ತಿ ಅಂಕ ಬಂತು. ನಿರಂಜನ ಎಲ್ಲರಿಗೂ ಪೇಡೆ ಹಂಚಿದ, ನಾನೂ ತಿಂದೆ.

ಅದೇ ವಾರದಲ್ಲಿ ಅವಳಿಗೆ ಕೆಲಸದ ಆದೇಶ ಸಿಕ್ಕಿತು, ಒತ್ತೆ ವಾಪಸಾಗುವ ದಿನವೂ ಗೊತ್ತಾಯಿತು. ಆ ದಿನ ಕಸ್ತೂರಿ ತಲೆ ತುಂಬ ಎರೆದುಕೊಂಡು, ತಾನೇ ನೇಯ್ದ ಹಸಿರು ಸೀರೆ ಉಟ್ಟು ಬಂದಿದ್ದಳು. ಟೊಪ್ಪಿಗೆ ತೆಗೆದ ಮೇಲೆ ಮಗ್ಗದ ಮುಂದೆ ಕೂರಿಸಿದರು. ಕೈ ತಾನಾಗಿ ಹೋಯಿತು. ಹರಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ಟಿದಳು. ನನ್ನನ್ನು ನೋಡಿ ಮಗುವಿನಂತೆ ನಕ್ಕಳು. ದಾರಿಯುದ್ದಕ್ಕೂ ಸೀರೆಯ ಸೆರಗಿನಲ್ಲಿ ಕೈ ಮುಚ್ಚಿಟ್ಟುಕೊಂಡೇ ನಡೆದಳು.

"ಈಗ ಬ್ಯಾಡ ಬಾಳಕ್ಕ. ಮೊದಲ ಮಾತು ಅವರ ಮುಂದ."

ದುಂಡಪ್ಪ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಪರೀಕ್ಷೆಯ ದಿನದಿಂದ ಅವನು ತೋಳುಮನೆಯ ಕಡೆ ಹೋಗಿರಲಿಲ್ಲ, ಡಬ್ಬಿಯನ್ನೂ ತಂದಿರಲಿಲ್ಲ. ಕಸ್ತೂರಿ ಅವನ ಎದುರಿಗೆ ಕೂತಳು. ಸೆರಗಿನಿಂದ ಕೈ ಹೊರಗೆ ತೆಗೆದು ಎತ್ತಿದಳು.

ಕೈ ಗಾಳಿಯಲ್ಲಿ ಎಳೆ ಹಿಡಿಯಿತು. ಗಂಟು ಹಾಕಿತು. ಇಲ್ಲದ ಲಾಳಿಯನ್ನು ತೆಗೆದು ಇಲ್ಲದ ಉರುಳೆ ಬದಲಿಸಿತು. ನಿಂತಿತು. ಮತ್ತೆ ಎತ್ತಿದಳು, ಮತ್ತೆ ಎಳೆ, ಮತ್ತೆ ಗಂಟು. ಒಂದೇ ಒಂದು ಮಾತಿಲ್ಲ. ದುಂಡಪ್ಪ ಆ ಕೈಯನ್ನು ನೋಡಿದ, ಅವಳ ಮುಖವನ್ನು ನೋಡಿದ, ನೆಲ ನೋಡಿದ.

"ಬಾಳಕ್ಕ, ಎಲ್ಲಿ ಹೋತು? ಎಲ್ಲಾ ತುಂಬೀನಿ ಅಂದ್ನಲ್ಲ ಅಂವಾ?"

ನಾನು ನಿರಂಜನನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಹಾಕಿದೆ. ಅವನು ಅತ್ತ ಏನೋ ತೆಗೆದು ನೋಡಿದ. "ಕಸ್ತೂರಿಯವರೇ, ನಿಮ್ಮ ಅಚ್ಚು ಪರೀಕ್ಷೆಯ ದಿನ ಸ್ವಚ್ಛ ಆಗಿದೆ. ಆ ಸಾಲಿನ ಕೊನೇ ತೋಳು ನಿಮ್ಮದೇ ಆಗಿತ್ತು. ನನಗೂ ಗೊತ್ತಿರಲಿಲ್ಲ. ಮೂಲದಲ್ಲೂ ಇಲ್ಲ ಈಗ. ಬೀಗ ತೆಗೆದಿದೆಯಲ್ಲ, ಹೊಸದಾಗಿ ಕಲೀಬಹುದು. ಯಾರಾದ್ರೂ ಕಲಿಸಿದ್ರೆ."

ಕಸ್ತೂರಿ ತನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು, "ಅಳಸೂ ಮುಂದ ಕೊನೇದ್ದೊಂದನ್ನ ಭಾಳ ಸಲ ಓಡಿಸಿ ನೋಡಿದ್ದೆ ಬಾಳಕ್ಕ. ಯಾಕೋ ಚೆಂದ ಅನಸ್ತು. ಅದೊಂದು ಗೆರಿ ನೆನಪೈತಿ." ಅಂದವಳು ಬಲಗೈಯಿಂದ ಎಡಗೈಯನ್ನು ಹಿಡಿದು, ಎಣಿಸಿ ಎಣಿಸಿ ಮಾಡುವವಳಂತೆ, 'ಹಿಂಗ' ಎಂದು ಅಂಗೈಯನ್ನು ಒಂದು ಸಲ ಹೊರಳಿಸಿದಳು. ಇನ್ನೊಂದು ಸಲ ಹೊರಳಿಸಿದಳು. ಸೊಟ್ಟ ಕಿರುಬೆರಳನ್ನು ಕೊಕ್ಕೆ ಮಾಡಿ ಹಿಡಿದಳು.

ಗಾಜಿನ ಮುಂದಿನ ಅವನ ನಗು, ತೋಳು ತೋರಿಸಿ ಅವಳನ್ನು ತೋರಿಸಿದ್ದು, ಮುಷ್ಟಿಯಿಂದ ಬಡಿದದ್ದು, ಕೈ ಮುಗಿದದ್ದು, ಎಲ್ಲವೂ ಆ ಒಂದು ಕೊಕ್ಕೆಗೆ ಸಿಕ್ಕಿಕೊಂಡು ಮೇಲೆ ಬಂದವು.

ದುಂಡಪ್ಪ ತಲೆ ಎತ್ತಿದ. ಎದ್ದು ನಿಂತ. ಅಂಗಿಯ ಗುಂಡಿ ಹಾಕಿಕೊಂಡ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡ, ಓಣಿಗಿಳಿದು ತಿರುಗಿ ನಿಂತು ಅವಳಿಗಾಗಿ ಕಾದ.

"ಏನಂದೆ ನಾ? ಬಾಳಕ್ಕ, ಏನಂದೆ?"

"ಮನಿಗೆ ಕೂಡೇ ಹೋಗೂಣು ಅಂದಿ," ಎಂದೆ.

"ಮನಿಯಾಗ ಅದೀವಲ್ಲ?"

ಅವಳು ಚಪ್ಪಲಿ ಹಾಕದೆ ಹಾಗೇ ಹೊರಟಳು. ಅವನು ಮುಂದೆ, ಅವಳು ಹಿಂದೆ, ಅವರ ಹಿಂದೆ ನಾನು. ಹೊತ್ತು ಮುಳುಗುತ್ತಿತ್ತು. ಓಣಿ ದಾಟಿದ, ಮುಚ್ಚಿದ ಶೆಡ್ಡುಗಳನ್ನು ದಾಟಿದ. ಎಲ್ಲಿಗೆ ಹೊರಟಿದ್ದಾನೆಂದು ತಿಳಿದಾಗ ಕಸ್ತೂರಿ ಒಮ್ಮೆ ನಿಂತು ನನ್ನ ಕಡೆ ನೋಡಿದಳು, ಮತ್ತೆ ನಡೆದಳು.

ತೋಳುಮನೆಯ ಗಾಜಿನ ಮುಂದೆ, ಸಾಲಿನ ಕೊನೆಯ ಮಗ್ಗ ಕಾಣುವ ಜಾಗದಲ್ಲಿ ಅವನು ನಿಂತ. ಒಳಗೆ ಸಂಜೆಯ ಪಾಳಿ ಬದಲಾಗುವ ಹೊತ್ತು, ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಆ ಗಾಜಿನೊಳಗಿರುವ ತನ್ನ ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಬಂದಿದ್ದಾನೆ ಎಂದು ನನಗೆ ಆಗ ತಿಳಿಯಿತು. ಅವನು ಗಾಜಿಗೆ ಹತ್ತಿರ ಹೋಗಿ ಆ ತೋಳಿಗೆ ಅಂಗೈ ಎರಡು ಸಲ ಹೊರಳಿಸಿ ಕೊಕ್ಕೆ ಮಾಡಿ ತೋರಿಸಿದ. ತೋಳು ಕೊನೆಯ ಎಳೆ ಕಟ್ಟಿತು, ಬೆರಳು ಮಡಚಿಕೊಂಡು ಸುಮ್ಮನಾಯಿತು. ಅವನು ಮತ್ತೆ ತೋರಿಸಿದ.

ಕಸ್ತೂರಿ ಅವನ ಪಕ್ಕಕ್ಕೆ ಹೋಗಿ ನಿಂತಳು. ಬಲಗೈಯಿಂದ ಎಡಗೈ ಹಿಡಿದು ಅಂಗೈಯನ್ನು ಎರಡು ಸಲ ಹೊರಳಿಸಿದಳು, ಕಿರುಬೆರಳನ್ನು ಕೊಕ್ಕೆ ಮಾಡಿದಳು, ಹಾಗೇ ಎತ್ತಿ ಹಿಡಿದುಕೊಂಡಳು. ಅವನು ತೋಳನ್ನೇ ನೋಡುತ್ತಿದ್ದ.